ವೇಪ್ ದ್ರವದಲ್ಲಿ ಸುಕ್ರಲೋಸ್: ತಿನ್ನೋಕೆ ಸರಿ, ಎಳೆಯೋಕೆ?

ಪ್ರಶ್ನಾರ್ಥಕ
ಇ-ಸಿಗರೇಟ್ ದ್ರವದ ಬಾಟಲಿ ಮೇಲೆ ‘ಸಕ್ಕರೆರಹಿತ’, ‘ಆಹಾರ ದರ್ಜೆಯ ಸಿಹಿಕಾರಕ’ ಅಂತ ಬರೆದಿರುತ್ತೆ. ಒಳಗಿರೋದು ಹೆಚ್ಚಾಗಿ ಸುಕ್ರಲೋಸ್. ಅದನ್ನೇ ಡಯಟ್ ಪಾನೀಯಗಳಲ್ಲಿ ವರ್ಷಗಟ್ಟಲೆಯಿಂದ ಹಾಕ್ತಿದ್ದಾರೆ, ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲೇ ಒಪ್ಪಿಗೆ ಕೊಟ್ಟಿದೆ. ಹಾಗಿದ್ದ ಮೇಲೆ ವೇಪ್‌ನಲ್ಲಿದ್ದರೆ ತಕರಾರೇನು? ‘ಕಾಯಿಲ್ (ದ್ರವ ಕಾಯಿಸೋ ತಂತಿ) ಬೇಗ ಹಾಳಾಗುತ್ತೆ, ಅಷ್ಟೇ’ ಅನ್ನೋರಿದ್ದಾರೆ. ‘ಶುದ್ಧ ವಿಷ’ ಅನ್ನೋರೂ ಇದ್ದಾರೆ. ಇಬ್ಬರೂ ಕಾರಣ ಮಾತ್ರ ಹೇಳಲ್ಲ. ನಿಕೋಟಿನ್ ಬಗ್ಗೆ ಕೇಳ್ತಿಲ್ಲ, ಸಿಹಿಯ ಬಗ್ಗೆ ಮಾತ್ರ. ಗೊತ್ತಿರೋರು ಬಿಡಿಸಿ ಹೇಳಿ.

ಹೊಗೆಮಲ್ಲ
ತಿನ್ನೋಕೆ ಒಪ್ಪಿಗೆ ಇದೆ ಅಂದ್ಮೇಲೆ ಮುಗೀತು. ಮುಂದಿನ ಪ್ರಶ್ನೆ.

ರಸಾಯನಿ
ಮುಗಿಯಲಿಲ್ಲ, ಅಲ್ಲಿಂದಲೇ ಶುರು. ಎಫ್‌ಡಿಎ ಒಪ್ಪಿದ್ದು ನುಂಗೋದಕ್ಕೆ. ನುಂಗಿದ ಸುಕ್ರಲೋಸ್‌ನ ಬಹುಪಾಲು ಕರುಳು ಹೀರಿಕೊಳ್ಳೋದೇ ಇಲ್ಲ, ಬಂದ ಹಾಗೇ ಹೊರಗೆ ಹೋಗುತ್ತೆ. ಅದು ‘ಸುರಕ್ಷಿತ’ ಅನ್ನಿಸಿಕೊಳ್ಳೋದಕ್ಕೆ ಇದೇ ಒಂದು ಮುಖ್ಯ ಕಾರಣ. ಶ್ವಾಸಕೋಶದಲ್ಲಿ ಆ ದಾರಿಯೇ ಇಲ್ಲ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಡಯಟ್ ಪಾನೀಯವನ್ನು ಯಾರೂ 200 ಡಿಗ್ರಿಗೆ ಕಾಯಿಸಿ ಕುಡಿಯಲ್ಲ. ಸುಕ್ರಲೋಸ್ ಸುಮಾರು 120–125 ಡಿಗ್ರಿ ಸೆಲ್ಸಿಯಸ್‌ನಲ್ಲೇ ಒಡೆಯೋಕೆ ಶುರು ಮಾಡುತ್ತೆ. ಕಾಯಿಲ್ ಮೇಲೆ ವೇಪ್ ದ್ರವದ ಮೂಲ ವಸ್ತುಗಳಾದ ಪ್ರೊಪಿಲೀನ್ ಗ್ಲೈಕಾಲ್ (ಪಿಜಿ) ಕುದಿಯೋದು 188 ಡಿಗ್ರಿಗೆ, ಗ್ಲಿಸರಿನ್ (ವಿಜಿ) 290ಕ್ಕೆ. ಎರಡರ ಮಿಶ್ರಣ ಈ ನಡುವೆ ಎಲ್ಲೋ ಕುದಿಯುತ್ತೆ. ಅಂದ್ರೆ ದ್ರವ ಹಬೆಯಾಗೋ ಹೊತ್ತಿಗೆ ಸುಕ್ರಲೋಸ್ ತನ್ನ ಮಿತಿ ದಾಟಿ ಆಗಿರುತ್ತೆ. ಹಾಗಾಗಿ ‘ಸುಕ್ರಲೋಸ್ ಸುರಕ್ಷಿತವೇ’ ಅಂತ ಕೇಳಿದರೆ ಅರ್ಧ ಪ್ರಶ್ನೆ ಕೇಳಿದ ಹಾಗೆ. ‘ಕಾಯಿಲ್ ಮೇಲೆ ಸುಕ್ರಲೋಸ್ ಏನಾಗುತ್ತೆ’ ಅಂತ ಕೇಳಿ.

ಪ್ರಶ್ನಾರ್ಥಕ
ಸರಿ ಸರ್, ಏನಾಗುತ್ತೆ?

ರಸಾಯನಿ
ಸಕ್ಕರೆ ಅಣುವಿನಲ್ಲಿ ಮೂರು ಹೈಡ್ರಾಕ್ಸಿಲ್ ಗುಂಪು ತೆಗೆದು ಮೂರು ಕ್ಲೋರಿನ್ ಕೂರಿಸಿದರೆ ಸುಕ್ರಲೋಸ್. ಅಣುಭಾರ 398ರ ಆಸುಪಾಸು, ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕ್ಲೋರಿನ್. ಕಾಯಿಸಿದಾಗ ಆ ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಆಗಿ ಕಳಚಿಕೊಳ್ಳುತ್ತೆ. ಅಲ್ಲಿಂದ ಎರಡು ಕೆಲಸ ನಡೆಯುತ್ತೆ.

ಒಂದು, ಈ ಆಮ್ಲ ಗ್ಲಿಸರಿನ್ ಜೊತೆ ಸೇರಿ ಕ್ಲೋರೋಪ್ರೊಪನಾಲ್‌ಗಳಾಗುತ್ತೆ. ಇವುಗಳಲ್ಲಿ 3-ಎಂಸಿಪಿಡಿ ಮತ್ತು 1,3-ಡಿಸಿಪಿ ಎರಡನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ (ಐಎಆರ್‌ಸಿ) 2ಬಿ ಗುಂಪಿನಲ್ಲಿ ಇಟ್ಟಿದೆ, ಅಂದ್ರೆ ‘ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ’ ಪಟ್ಟಿ. ಗ್ಲಿಸರಿನ್ ಜೊತೆ ಸುಕ್ರಲೋಸ್ ಕಾಯಿಸಿದರೆ ಇವು ಬರುತ್ತವೆ ಅಂತ 2010ರಲ್ಲೇ ಆಹಾರ ರಸಾಯನದವರು ತೋರಿಸಿದ್ದರು. ಆಗ ಅವರ ಚಿಂತೆ ಬೇಕರಿ ತಿನಿಸಿನದ್ದು. ಗ್ಲಿಸರಿನ್ನೇ ಮುಖ್ಯ ದ್ರವವಾಗಿರೋ ವೇಪ್‌ಗೆ ಅದು ಇನ್ನೂ ನೇರವಾಗಿ ತಗಲುತ್ತೆ.

ಎರಡು, ಆಮ್ಲ ಇದ್ದಾಗ ಪಿಜಿ-ವಿಜಿ ತಾವೇ ಬೇಗ ಒಡೆಯುತ್ತವೆ. ಗ್ಲಿಸರಿನ್‌ನಿಂದ ನೀರು ಕಳೆದುಹೋದರೆ ಅಕ್ರೋಲೀನ್. ಎಣ್ಣೆ ಸೀದಾಗ ಕಣ್ಣು ಉರಿಸುತ್ತಲ್ಲ, ಅದೇ. ಜೊತೆಗೆ ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್. 2019ರಲ್ಲಿ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನ ತಂಡ ಇದನ್ನೇ ಪ್ರಕಟಿಸಿತು: ಸುಕ್ರಲೋಸ್ ಹಾಕಿದ ದ್ರವದ ಹಬೆಯಲ್ಲಿ ಆಲ್ಡಿಹೈಡ್‌ಗಳು ಹೆಚ್ಚು, ಮೇಲೆ ಕ್ಲೋರೋಪ್ರೊಪನಾಲ್. ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದವರೂ ಅದೇ ವರ್ಷ ಇದೇ ದಿಕ್ಕಿನ ಫಲಿತಾಂಶ ಕೊಟ್ಟರು.

ಅಂದ್ರೆ ಸುಕ್ರಲೋಸ್ ತಾನೂ ಕೆಟ್ಟು ಪಕ್ಕದವರನ್ನೂ ಕೆಡಿಸುತ್ತೆ.

ಲೆಕ್ಕಾಚಾರಿ
ಎಲ್ಲಾ ಸರಿ, ಪ್ರಮಾಣ ಎಷ್ಟು ಅಂತ ಯಾರೂ ಹೇಳ್ತಿಲ್ಲ. ಸಿಹಿಕಾರಕದ ಗಟ್ಟಿ ದ್ರಾವಣ ಸಾಮಾನ್ಯವಾಗಿ ಶೇ. 10 ಸುಕ್ರಲೋಸ್. ಅದನ್ನು ಶೇ. 1 ಹಾಕಿದರೆ ದ್ರವದಲ್ಲಿ ಶೇ. 0.1, ಅಂದ್ರೆ 1 ಮಿ.ಲೀ.ಗೆ ಸುಮಾರು 1 ಮಿ.ಗ್ರಾಂ. ದಿನಕ್ಕೆ 5 ಮಿ.ಲೀ. ಎಳೆದರೂ 5 ಮಿ.ಗ್ರಾಂ. ಆಹಾರದಲ್ಲಿ ಜೆಕ್ಫಾ (ವಿಶ್ವಸಂಸ್ಥೆಯ ಆಹಾರ ಸೇರ್ಪಡೆಗಳ ತಜ್ಞರ ಸಮಿತಿ) ಹಾಕಿರೋ ದಿನದ ಮಿತಿ ಕೆ.ಜಿ. ತೂಕಕ್ಕೆ 15 ಮಿ.ಗ್ರಾಂ. 60 ಕೆ.ಜಿ. ಮನುಷ್ಯನಿಗೆ 900 ಮಿ.ಗ್ರಾಂ. ಅದರ ಮುಂದೆ 5 ಯಾವ ಲೆಕ್ಕ?

ಹೊಗೆಮಲ್ಲ
ಹಾಗೆ ಕೇಳಿ ಗುರು.

ಶ್ವಾಸಕೋಶದ_ಪರ
@ಲೆಕ್ಕಾಚಾರಿ, ಗುಣಾಕಾರ ಸರಿ, ಹೋಲಿಕೆ ತಪ್ಪು. 900 ಬಂದಿದ್ದು ಪ್ರಾಣಿಗಳಿಗೆ ತಿನ್ನಿಸಿ ನೋಡಿದ ಪರೀಕ್ಷೆಗಳಿಂದ. ಉಸಿರಿನ ದಾರಿಗೆ ಆ ಸಂಖ್ಯೆಯನ್ನು ಎತ್ತಿ ತರೋ ಹಾಗಿಲ್ಲ. ಕೆರೆಯ ಆಳ ನೋಡಿ ಬಾವಿಗೆ ಹಗ್ಗ ಕೊಂಡ ಹಾಗಾಯ್ತು.

ಇದಕ್ಕೆ ಹಳೇ ಉದಾಹರಣೆಗಳೇ ಇವೆ. ಡಯಾಸಿಟೈಲ್ ಬೆಣ್ಣೆಯ ಪರಿಮಳ, ತಿನ್ನೋಕೆ ಯಾವ ತೊಂದರೆಯೂ ಇರಲಿಲ್ಲ. 2000ದಲ್ಲಿ ಅಮೆರಿಕದ ಮಿಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯೊಂದರ ಕೆಲಸಗಾರರಲ್ಲಿ ಬ್ರಾಂಕಿಯೋಲೈಟಿಸ್ ಆಬ್ಲಿಟರಾನ್ಸ್ (ಶ್ವಾಸಕೋಶದ ಸಣ್ಣ ನಾಳಗಳು ಕಟ್ಟಿಹೋಗೋ ಕಾಯಿಲೆ) ಕಾಣಿಸಿಕೊಂಡಾಗ ಗೊತ್ತಾಯ್ತು, ಉಸಿರಾಡಿದರೆ ಕಥೆಯೇ ಬೇರೆ ಅಂತ. ವಿಟಮಿನ್ ಇ ಅಸಿಟೇಟ್ ಚರ್ಮಕ್ಕೆ ಹಚ್ಚಬಹುದು, ನುಂಗಬಹುದು. 2019ರ ಇವ್ಯಾಲಿ ಕಾಯಿಲೆಯಲ್ಲಿ (ವೇಪ್‌ನಿಂದಾದ ಶ್ವಾಸಕೋಶದ ಹಾನಿ) 51 ರೋಗಿಗಳ ಶ್ವಾಸಕೋಶದ ದ್ರವ ಪರೀಕ್ಷಿಸಿದರೆ 48ರಲ್ಲಿ ಅದೇ ಸಿಕ್ಕಿತು. 2020ರ ಫೆಬ್ರವರಿ ಹೊತ್ತಿಗೆ ಅಮೆರಿಕದಲ್ಲಿ 2,807 ಪ್ರಕರಣ, 68 ಸಾವು.

ಪರಿಮಳ ತಯಾರಕರ ಸಂಘಟನೆಯಾದ ಫೆಮಾನೇ ಬಾಯಿಬಿಟ್ಟು ಹೇಳಿದೆ: ನಮ್ಮ ‘ಸುರಕ್ಷಿತ’ ಪಟ್ಟಿ ಆಹಾರಕ್ಕೆ ಮಾತ್ರ, ಇ-ಸಿಗರೇಟಿಗೆ ಅದನ್ನು ತೋರಿಸಬೇಡಿ ಅಂತ. ‘ಆಹಾರ ದರ್ಜೆ’ ಅನ್ನೋ ಲೇಬಲ್‌ಗೆ ಇಲ್ಲಿ ಕವಡೆ ಕಿಮ್ಮತ್ತಿಲ್ಲ.

ಹೊಗೆಮಲ್ಲ
ಇವ್ಯಾಲಿ ಆಗಿದ್ದು ಹೆಚ್ಚಾಗಿ ಕಳ್ಳಮಾರ್ಕೆಟ್ಟಿನ ಗಾಂಜಾ ಕಾರ್ಟ್ರಿಜ್‌ಗಳಿಂದ. ಅದನ್ನು ತಂದು ಸುಕ್ರಲೋಸ್ ತಲೆಗೆ ಕಟ್ಟಬೇಡಿ.

ಶ್ವಾಸಕೋಶದ_ಪರ
ಕಟ್ಟಿಲ್ಲ. ಸುಕ್ರಲೋಸ್‌ನಿಂದ ಇವ್ಯಾಲಿ ಬಂತು ಅಂತ ನಾನೆಲ್ಲೂ ಬರೆದಿಲ್ಲ, ಮತ್ತೊಮ್ಮೆ ಓದಿ. ‘ನುಂಗಬಹುದು ಅಂದ್ರೆ ಎಳೆಯಬಹುದು’ ಅನ್ನೋ ವಾದ ಎರಡು ಸಲ ಕೈಕೊಟ್ಟಿದೆ ಅಂದೆ, ಅಷ್ಟೇ.

ಲೆಕ್ಕಾಚಾರಿ
ಸರಿ, ನುಂಗೋ ಮಿತಿ ಬಿಟ್ಟೆ. ಹೈಡ್ರೋಜನ್ ಕ್ಲೋರೈಡ್ (ಎಚ್‌ಸಿಎಲ್) ಲೆಕ್ಕವನ್ನೇ ಹಾಕೋಣ. 5 ಮಿ.ಗ್ರಾಂ ಸುಕ್ರಲೋಸ್ ಪೂರ್ತಿ ಒಡೆದರೆ ಬರೋ ಎಚ್‌ಸಿಎಲ್ ಹೆಚ್ಚೆಂದರೆ 1.4 ಮಿ.ಗ್ರಾಂ (ತೂಕದಲ್ಲಿ 398 ಪಾಲು ಸುಕ್ರಲೋಸ್‌ಗೆ 109 ಪಾಲು). ಸಣ್ಣ ಪಾಡ್ ಸಾಧನದಲ್ಲಿ ಒಂದು ದಮ್‌ಗೆ 5 ಮಿ.ಗ್ರಾಂ ದ್ರವ ಖರ್ಚು ಅಂತ ಇಟ್ಟುಕೊಂಡರೆ 5 ಮಿ.ಲೀ.ಗೆ ಸುಮಾರು 1,150 ದಮ್. ಒಂದು ದಮ್‌ಗೆ 1.2 ಮೈಕ್ರೋಗ್ರಾಂ. 55 ಮಿ.ಲೀ. ದಮ್‌ನಲ್ಲಿ ಅದನ್ನು ಹರಡಿದರೆ ಘನ ಮೀಟರಿಗೆ ಸುಮಾರು 22 ಮಿ.ಗ್ರಾಂ.

ಅಯ್ಯೋ, ಇದು ನಾನಂದುಕೊಂಡಿದ್ದಕ್ಕಿಂತ ಜಾಸ್ತಿ ಬಂತು. ಅಮೆರಿಕದ ಕಾರ್ಖಾನೆಗಳಲ್ಲಿ ಎಚ್‌ಸಿಎಲ್‌ಗೆ ಒಂದು ಕ್ಷಣವೂ ದಾಟಬಾರದ ಮಿತಿ 7 ಮಿ.ಗ್ರಾಂ.

ರಸಾಯನಿ
ನಿಮ್ಮ ಪರವಾಗಿ ನಾನೇ ವಾದಿಸ್ತೀನಿ ಈಗ 😀 ಅದು ಮೇಲ್ಮಿತಿ. ದಮ್ ಜೊತೆ ಹೊರಗಿನ ಗಾಳಿಯೂ ಒಳಗೆ ಹೋಗುತ್ತೆ. 500 ಮಿ.ಲೀ. ಉಸಿರಿಗೆ ಹಂಚಿದರೆ 2.4ಕ್ಕೆ ಇಳಿಯುತ್ತೆ. ಜೊತೆಗೆ ಎಲ್ಲಾ ಸುಕ್ರಲೋಸ್ ಒಡೆಯಲ್ಲ, ಒಡೆದದ್ದೆಲ್ಲ ಎಚ್‌ಸಿಎಲ್ ಆಗೇ ಹೊರಗೆ ಬರಲ್ಲ, ಒಂದು ಪಾಲು ಗ್ಲಿಸರಿನ್ ಜೊತೆ ಸೇರಿಹೋಗುತ್ತೆ. ಆದರೆ ‘5 ಮಿ.ಗ್ರಾಂ ಯಾವ ಲೆಕ್ಕ’ ಅನ್ನೋ ಮಾತು ನಿಲ್ಲಲ್ಲ ಅನ್ನೋದನ್ನಂತೂ ನಿಮ್ಮ ಲೆಕ್ಕವೇ ತೋರಿಸಿತು.

ಲೆಕ್ಕಾಚಾರಿ
ಒಪ್ಪಿದೆ.

ಕಾಯಿಲ್_ಮೇಷ್ಟ್ರು
ಕಾಯಿಲ್ ಕಡೆಯಿಂದ ನೋಡೋಣ. ಸುಕ್ರಲೋಸ್ ಆವಿಯಾಗೋ ವಸ್ತುವೇ ಅಲ್ಲ. ಕುದಿಯೋದಕ್ಕಿಂತ ಮೊದಲೇ ಒಡೆಯುತ್ತೆ. ಹಬೆಯಲ್ಲಿ ಒಂದಿಷ್ಟು ಹೋಗೋದು ಗುಳ್ಳೆ ಒಡೆದಾಗ ಸಿಡಿಯೋ ಹನಿಗಳ ಜೊತೆ ಮಾತ್ರ. ಉಳಿದದ್ದು ಲೋಹದ ಮೇಲೆ, ದ್ರವ ಹೀರೋ ಹತ್ತಿಯಲ್ಲಿ ಕೂತು ಪಾಕವಾಗಿ, ಆಮೇಲೆ ಕರಕಲಾಗುತ್ತೆ. ಪಾತ್ರೆ ತಳ ಹಿಡಿದ ಹಾಗೆ.

ತಳ ಹಿಡಿದ ಮೇಲೆ ಆಗೋದೇನು? ಕರಕಲಿನ ಪದರ ಶಾಖವನ್ನು ದ್ರವಕ್ಕೆ ಸರಿಯಾಗಿ ಬಿಡಲ್ಲ, ಲೋಹ ತಾನೇ ಹೆಚ್ಚು ಕಾಯುತ್ತೆ. ಹತ್ತಿಯ ಎಳೆಗಳ ನಡುವಿನ ಸಂದು ಮುಚ್ಚುತ್ತೆ, ದ್ರವ ಏರೋದು ನಿಧಾನ. ಅಲ್ಲಲ್ಲಿ ಒಣಗಿದ ಜಾಗ 300 ಡಿಗ್ರಿ ದಾಟುತ್ತೆ. ಅಲ್ಲಿಂದ ಮುಂದೆ ಸುಕ್ರಲೋಸ್ ಇರಲಿ ಬಿಡಲಿ ಪಿಜಿ-ವಿಜಿಯೇ ಫಾರ್ಮಾಲ್ಡಿಹೈಡ್ ಕಾರುತ್ತೆ. ‘ಕಾಯಿಲ್ ಹಾಳಾಗುತ್ತೆ, ಅಷ್ಟೇ’ ಅಂದ್ರಲ್ಲ, ಆ ‘ಅಷ್ಟೇ’ ಅನ್ನೋದೇ ತಪ್ಪು. ಹಾಳಾದ ಕಾಯಿಲ್ ಅಂದ್ರೆ ಹಾಳಾದ ಹಬೆ.

ಕಾಯಿಲ್ ಕೆಟ್ಟಿರೋ ಗುರುತು: ದ್ರವ ಗಾಢ ಕಂದು, ಮೊದಲ ದಮ್‌ನಲ್ಲಿ ಸೀದ ಸಕ್ಕರೆ ವಾಸನೆ, ಅದೇ ವ್ಯಾಟ್‌ಗೆ ಹಬೆ ಕಮ್ಮಿ. ಇಲ್ಲಿ ಎಲ್ಲರೂ ಮಾಡೋ ತಪ್ಪು ವ್ಯಾಟ್ ಏರಿಸೋದು. ಅದು ಉರಿಯೋ ಒಲೆಗೆ ಸೌದೆ ಹಾಕಿದ ಹಾಗೆ.

ಅರೆಬೆಂದವ
ತಾಪಮಾನ ನಿಯಂತ್ರಣ ಇರೋ ಸಾಧನದಲ್ಲಿ 200 ಡಿಗ್ರಿಗೆ ಇಟ್ಟರೆ ಸಾಲದಾ?

ಕಾಯಿಲ್_ಮೇಷ್ಟ್ರು
ಒಣ ದಮ್ (ದ್ರವ ಸಾಲದೆ ಹತ್ತಿ ಸೀಯೋದು) ತಪ್ಪಿಸೋಕೆ ಸಾಕು, ಸುಕ್ರಲೋಸ್ ಉಳಿಸೋಕೆ ಸಾಲದು. 120ರಲ್ಲಿ ಒಡೆಯೋ ವಸ್ತುವಿಗೆ 200 ಅಂದ್ರೇನು, 220 ಅಂದ್ರೇನು. 120ಕ್ಕಿಂತ ಕೆಳಗಿಟ್ಟರೆ ಹಬೆಯೇ ಬರಲ್ಲ. ಮೇಲಾಗಿ ತಾಪಮಾನ ನಿಯಂತ್ರಣ ಅಂದ್ರೆ ಥರ್ಮಾಮೀಟರ್ ಅಲ್ಲ. ತಂತಿ ಬಿಸಿಯಾದಂತೆ ಅದರ ರೋಧ ಎಷ್ಟು ಏರುತ್ತೆ ಅನ್ನೋದರಿಂದ ಇಡೀ ಕಾಯಿಲ್‌ನ ಸರಾಸರಿ ಊಹೆ. ಎಸ್‌ಎಸ್316 ಅನ್ನೋ ಸ್ಟೇನ್‌ಲೆಸ್ ಸ್ಟೀಲ್ ತಂತಿಯಲ್ಲಿ ರೋಧ ಏರೋದೇ ಕಮ್ಮಿ, ಊಹೆ ಇನ್ನೂ ಒರಟು. ಕರಕಲು ಕೂತ ಒಂದು ಚುಕ್ಕೆ 60 ಡಿಗ್ರಿ ಹೆಚ್ಚು ಕಾದರೂ ಸರಾಸರಿಯಲ್ಲಿ ಮುಚ್ಚಿಹೋಗುತ್ತೆ. ಕ್ಯಾಂಥಲ್ ತಂತಿಯಲ್ಲಂತೂ ಈ ವ್ಯವಸ್ಥೆ ಕೆಲಸವೇ ಮಾಡಲ್ಲ, ಅದರ ರೋಧ ಬಿಸಿಗೆ ಅಲ್ಲಾಡೋದೇ ಇಲ್ಲ ಅನ್ನಬಹುದು.

ನಾಲಿಗೆರುಚಿ
ಒಂದು ತಮಾಷೆ ಗಮನಿಸಿ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಮಿ.ಲೀ.ಗೆ 1 ಮಿ.ಗ್ರಾಂ ಅಂದ್ರೆ ಮಿ.ಲೀ.ಗೆ 600 ಮಿ.ಗ್ರಾಂ ಸಕ್ಕರೆ, ಜಾಮೂನಿನ ಪಾಕ! ಆದರೂ ಎಳೆದಾಗ ಅಷ್ಟು ಸಿಹಿ ಇರಲ್ಲ. ಮೇಷ್ಟ್ರು ಹೇಳಿದ್ದಕ್ಕೆ ಇದೇ ಸಾಕ್ಷಿ, ಬಹುಪಾಲು ಬಾಯಿಗೆ ಬರೋದೇ ಇಲ್ಲ.

ರಸಾಯನಿ
ಚಿಕ್ಕ ತಿದ್ದುಪಡಿ. 600 ಪಟ್ಟು ಅನ್ನೋದು ತೆಳು ದ್ರಾವಣದ ಅಳತೆ. ಸಾಂದ್ರತೆ ಏರಿದಂತೆ ಆ ಅನುಪಾತ ಇಳಿಯುತ್ತೆ. ತೀರ್ಮಾನ ಮಾತ್ರ ಸರಿ. 2017ರ ಒಂದು ರುಚಿ ಪರೀಕ್ಷೆಯಲ್ಲಿ ಸುಕ್ರಲೋಸ್‌ನ ಸಿಹಿ ಕಾರ್ಟ್ರಿಜ್ ಸಾಧನದಲ್ಲಿ ಗೊತ್ತಾಯ್ತು, ಟ್ಯಾಂಕ್ ಸಾಧನದಲ್ಲಿ ಗೊತ್ತಾಗಲಿಲ್ಲ. ಹನಿ ಎಷ್ಟು ಸಿಡಿದು ಬರುತ್ತೆ ಅನ್ನೋದು ಸಾಧನದ ಮೇಲೆ.

ಪ್ರಶ್ನಾರ್ಥಕ
ಹಾಗಾದ್ರೆ ಬೇರೆ ಸಿಹಿ? ಸ್ಟೀವಿಯಾ ‘ನೈಸರ್ಗಿಕ’ ಅಂತಾರೆ. ಸ್ಯಾಕರಿನ್, ಆಸ್ಪರ್ಟೇಮ್?

ರಸಾಯನಿ
ಒಂದೊಂದಾಗಿ ನೋಡೋಣ.

ಸ್ಟೀವಿಯಾ: ಗಿಡದಿಂದ ಬಂದದ್ದು ಕಾಯಿಲ್‌ಗೆ ಗೊತ್ತಾಗಲ್ಲ. ಸ್ಟೀವಿಯೋಸೈಡ್ ಅಣುಭಾರ 800 ದಾಟುತ್ತೆ, ರೆಬಾಡಿಯೋಸೈಡ್ ಎ 967. ಆವಿಯಾಗೋ ಮಾತೇ ಇಲ್ಲ. ಜೊತೆಗೆ ಆ ಅಣುವಿಗೆ ಗ್ಲೂಕೋಸ್ ತುಣುಕುಗಳೇ ಅಂಟಿಕೊಂಡಿರುತ್ತವೆ, ಕಾದರೆ ಅವೂ ಸೀಯುತ್ತವೆ. ಕ್ಲೋರಿನ್ ಇಲ್ಲ ಅನ್ನೋದೊಂದೇ ಸಮಾಧಾನ.

ಆಸ್ಪರ್ಟೇಮ್: ಬಿಸಿಗೆ ನಿಲ್ಲಲ್ಲ. ಬೇಯಿಸೋ ತಿನಿಸಿಗೇ ಹೊಂದದ್ದು ಕಾಯಿಲ್‌ಗೆ ಹೇಗೆ ಹೊಂದೀತು? ಒಡೆದರೆ ಡೈಕೀಟೋಪೈಪರಝೀನ್ ಅನ್ನೋ ಸಂಯುಕ್ತ, ತೂಕದ ಸುಮಾರು ಶೇ. 10ರಷ್ಟು ಮೆಥನಾಲ್. 2023ರ ಜುಲೈನಲ್ಲಿ ಐಎಆರ್‌ಸಿ ಇದನ್ನೂ 2ಬಿಗೆ ಹಾಕಿತು. ಆದರೆ ಅದು ತಿನ್ನೋದರ ಚರ್ಚೆ, ಇಲ್ಲಿಗೆ ಎಳೆಯೋದು ಬೇಡ.

ಸ್ಯಾಕರಿನ್: ಬಿಸಿಗೆ ಇವುಗಳಲ್ಲಿ ಗಟ್ಟಿ, ಕರಗೋದೇ 228 ಡಿಗ್ರಿಗೆ. ಇಲಿಗಳ ಮೂತ್ರಕೋಶದ ಕ್ಯಾನ್ಸರ್ ಹಳೇ ಕಥೆ, 1999ರಲ್ಲಿ ಐಎಆರ್‌ಸಿ ಅದನ್ನು 3ನೇ ಗುಂಪಿಗೆ (ಕ್ಯಾನ್ಸರ್ ತರುತ್ತೆ ಅಂತ ವರ್ಗೀಕರಿಸಲಾಗದ ಪಟ್ಟಿ) ಇಳಿಸಿತು. ಆದರೆ ಉಸಿರಾಟಕ್ಕೆ ಸುರಕ್ಷಿತ ಅಂತ ಇದರಿಂದಲೂ ಸಿದ್ಧವಾಗಲ್ಲ. ಬಾಯಲ್ಲಿ ಲೋಹದಂಥ ಕಹಿ ಬಿಡೋದರಿಂದ ದ್ರವ ಮಾಡೋರಿಗೂ ಇಷ್ಟವಿಲ್ಲ.

ಮಾಮೂಲಿ ಸಕ್ಕರೆ: ಕೇಳೋದೇ ಬೇಡ. ಸಕ್ಕರೆ ಸೀದಾಗ ಹುಟ್ಟೋ ಫರ್‌ಫುರಲ್, ಎಚ್‌ಎಂಎಫ್ ಸಂಯುಕ್ತಗಳು ಹಬೆಯಲ್ಲಿ ಬರೋದನ್ನು 2016ರಲ್ಲೇ ಅಳೆದಿದ್ದಾರೆ.

ಮೂರನೇಕಣ್ಣು
ನಿಯೋಟೇಮ್ ಬಿಟ್ಟಿರಿ. ಸಕ್ಕರೆಗಿಂತ 7,000ದಿಂದ 13,000 ಪಟ್ಟು ಸಿಹಿ. ಅಮೆರಿಕದಲ್ಲಿ ಮಾರ್ತಿದ್ದ, ಖಾಲಿಯಾದ ಮೇಲೆ ಬಿಸಾಡೋ ಇ-ಸಿಗರೇಟ್‌ಗಳಲ್ಲಿ ಇದು ಇದೆ ಅಂತ 2024ರಲ್ಲಿ ಸಂಶೋಧಕರು ಪತ್ತೆ ಮಾಡಿದರು. ‘ಸುಕ್ರಲೋಸ್ ಇಲ್ಲ’ ಅಂತ ಲೇಬಲ್ ಇದ್ದರೆ ‘ಸಿಹಿಕಾರಕ ಇಲ್ಲ’ ಅಂತ ಓದಿಕೊಳ್ಳಬೇಡಿ. ಎರಡೂ ಬೇರೆ ಮಾತು.

ಹೊಗೆಮಲ್ಲ
ಅಷ್ಟು ಸಿಹಿ ಅಂದ್ರೆ ಹಾಕೋದೂ ಅಷ್ಟೇ ಕಮ್ಮಿ ಅಲ್ವಾ? ಒಳ್ಳೇದೇ ಆಯ್ತು.

ರಸಾಯನಿ
ಪ್ರಮಾಣ ಕಮ್ಮಿ, ಕ್ಲೋರಿನ್ನೂ ಇಲ್ಲ, ಒಪ್ಪಿದೆ. ಕರಕಲೂ ಕಮ್ಮಿಯಾಗಬಹುದು. ಅದು ವ್ಯಾಪಾರಕ್ಕೆ ಒಳ್ಳೇದು. ಶ್ವಾಸಕೋಶಕ್ಕೆ ಒಳ್ಳೇದು ಅನ್ನೋಕೆ ಆಧಾರ ಬೇಕು, ಅದು ಎಲ್ಲಿದೆ?

ನಾಲಿಗೆರುಚಿ
ವಿಷಯಾಂತರಕ್ಕೆ ಕ್ಷಮೆ ಇರಲಿ. ಈ ಸಿಹಿಗಳೆಲ್ಲ ಸಿಕ್ಕಿದ್ದೇ ಪ್ರಯೋಗಾಲಯದ ಅಶಿಸ್ತಿನಿಂದ. ಸ್ಯಾಕರಿನ್ 1879ರಲ್ಲಿ ಫಾಲ್ಬರ್ಗ್ ಕೈ ತೊಳೆಯದೆ ಊಟಕ್ಕೆ ಕೂತಿದ್ದರಿಂದ. ಆಸ್ಪರ್ಟೇಮ್ 1965ರಲ್ಲಿ ಶ್ಲಾಟರ್ ಕಾಗದ ತೆಗೆಯೋಕೆ ಬೆರಳು ನೆಕ್ಕಿದ್ದರಿಂದ. ಸುಕ್ರಲೋಸ್ 1976ರಲ್ಲಿ ಲಂಡನ್ನಿನಲ್ಲಿ, ‘ಟೆಸ್ಟ್ ಮಾಡು’ ಅಂದದ್ದು ಶಶಿಕಾಂತ್ ಫಡ್ನಿಸ್ ಕಿವಿಗೆ ‘ಟೇಸ್ಟ್ ಮಾಡು’ ಅಂತ ಕೇಳಿಸಿತಂತೆ. ಎಲ್ಲಕ್ಕಿಂತ ಚಂದ ಸೈಕ್ಲಮೇಟ್‌ದು: 1937ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸ್ವೇಡಾ ಸಿಗರೇಟನ್ನು ಮೇಜಿನ ಮೇಲಿಟ್ಟು ಮತ್ತೆ ಬಾಯಿಗಿಟ್ಟಾಗ ಸಿಹಿ ಹತ್ತಿತು. ಹೊಗೆಗೂ ಕೃತಕ ಸಿಹಿಗೂ ನಂಟು ಹಳೇದು!

ಮೂರನೇಕಣ್ಣು
ಇದು ಚೆನ್ನಾಗಿದೆ 😂 ಸೈಕ್ಲಮೇಟ್ ಅಮೆರಿಕದಲ್ಲಿ 1969ರಲ್ಲಿ ನಿಷೇಧವಾಯ್ತು ಅನ್ನೋದನ್ನೂ ಸೇರಿಸಿ.

ಅರೆಬೆಂದವ
ಎಥಿಲ್ ಮಾಲ್ಟಾಲ್ ಹಾಕಿದರೆ ಸಿಹಿ ಬರುತ್ತಲ್ಲ. ಅದು ಸಿಹಿಕಾರಕ ಅಲ್ವಾ?

ನಾಲಿಗೆರುಚಿ
ಅಲ್ಲ. ಅದು ಪರಿಮಳ. ಕಾರಮೆಲ್, ಬೊಂಬಾಯಿ ಮಿಠಾಯಿ ಥರ ವಾಸನೆ. ನಾಲಿಗೆ ಮೇಲಿಟ್ಟರೆ ಸಕ್ಕರೆಯಂತೆ ಸಿಹಿಯಲ್ಲ, ಮೂಗು ಹೇಳಿದ್ದನ್ನು ಮಿದುಳು ಸಿಹಿ ಅಂತ ಓದುತ್ತೆ. ವೆನಿಲಿನ್ ಕೂಡ ಹಾಗೇ. ಕೆಲವು ‘ಸಿಹಿಕಾರಕ’ ಬಾಟಲಿಗಳಲ್ಲಿ ಸುಕ್ರಲೋಸ್ ಮತ್ತು ಎಥಿಲ್ ಮಾಲ್ಟಾಲ್ ಎರಡೂ ಬೆರೆತಿರುತ್ತೆ, ನೋಡಿ ತಗೊಳ್ಳಿ. ಇದು ಆವಿಯಾಗೋ ವಸ್ತು, ಅಣುಭಾರ 140 ಮಾತ್ರ. ಹಾಗಾಗಿ ತಳ ಹಿಡಿಯೋ ಕಾಟ ಕಮ್ಮಿ.

ರಸಾಯನಿ
ತಳ ಹಿಡಿಯಲ್ಲ ಅಂದ್ರೆ ಪೂರ್ತಿ ಶ್ವಾಸಕೋಶಕ್ಕೆ ಹೋಗುತ್ತೆ ಅಂತಲೂ ಅರ್ಥ, ಮರೀಬೇಡಿ. ಎಥಿಲ್ ಮಾಲ್ಟಾಲ್ ಕಬ್ಬಿಣದ ಅಯಾನನ್ನು ಹಿಡಿದುಕೊಳ್ಳೋ ವಸ್ತು, ಜೀವಕೋಶದೊಳಗೆ ಲೋಹ ಸಾಗಿಸೋಕೆ ದಾರಿ ಮಾಡುತ್ತೆ. ವೆನಿಲಿನ್ ಆಲ್ಡಿಹೈಡ್ ಆಗಿರೋದರಿಂದ ಬಾಟಲಿಯಲ್ಲೇ ಪಿಜಿ ಜೊತೆ ಸೇರಿ ಅಸಿಟಾಲ್ ಅನ್ನೋ ಹೊಸ ಸಂಯುಕ್ತ ಆಗುತ್ತೆ. 2018ರಲ್ಲಿ ಯೇಲ್ ಸಂಶೋಧಕರು ತೋರಿಸಿದ್ದು ಇದನ್ನೇ. ಶ್ವಾಸನಾಳ ಕೆರಳಿಸೋದರಲ್ಲಿ ಆ ಅಸಿಟಾಲ್ ಮೂಲ ವಸ್ತುವಿಗಿಂತ ಒಂದು ಕೈ ಮೇಲೆ.

ಪ್ರಶ್ನಾರ್ಥಕ
ದ್ರವದಲ್ಲಿ ಸುಕ್ರಲೋಸ್ ಇದೆಯಾ ಅಂತ ಮನೇಲೇ ಪತ್ತೆ ಹಚ್ಚೋಕೆ ಆಗುತ್ತಾ?

ಕಾಯಿಲ್_ಮೇಷ್ಟ್ರು
ಒರಟು ಉಪಾಯ: ಸ್ಟೀಲ್ ಚಮಚದಲ್ಲಿ ನಾಲ್ಕೈದು ಹನಿ ಹಾಕಿ ಸಣ್ಣ ಉರಿಯಲ್ಲಿ ಒಣಗಿಸಿ. ಪಿಜಿ-ವಿಜಿ ಹೊಗೆಯಾಗಿ ಹೋಗುತ್ತೆ. ಸಿಹಿ ಇದ್ದರೆ ಕಂದು ಪಾಕ ಉಳಿದು ಆಮೇಲೆ ಕಪ್ಪು ಅಂಟು. ಕಿಟಕಿ ತೆರೆದಿಟ್ಟು, ಮುಖ ದೂರ ಇಟ್ಟು ಮಾಡಿ. ಬರೋ ಹೊಗೆಯಲ್ಲಿ ಅಕ್ರೋಲೀನ್ ಇರಬಹುದು. ಆ ಚಮಚ ಮತ್ತೆ ಅಡುಗೆಗೆ ಬೇಡ.

ಮೂರನೇಕಣ್ಣು
ಅದರಿಂದ ‘ಏನೋ ಉಳೀತು’ ಅಂತ ಮಾತ್ರ ಗೊತ್ತಾಗುತ್ತೆ. ಸಕ್ಕರೆಯೋ ಸ್ಟೀವಿಯಾವೋ ಸುಕ್ರಲೋಸೋ ಹೇಳೋಕಾಗಲ್ಲ. ತಾಮ್ರದ ತಂತಿ ಪರೀಕ್ಷೆ ಮಾಡಿ: ತಂತಿಯನ್ನು ಜ್ವಾಲೆಯಲ್ಲಿ ಕೆಂಪಾಗಿಸಿ, ಆರಿದ ಮೇಲೆ ದ್ರವದಲ್ಲಿ ಅದ್ದಿ, ಮತ್ತೆ ಜ್ವಾಲೆಗೆ ಹಿಡಿದರೆ ಕ್ಲೋರಿನ್ ಇದ್ದಲ್ಲಿ ಹಸಿರು.

ರಸಾಯನಿ
ಬೈಲ್‌ಸ್ಟೈನ್ ಪರೀಕ್ಷೆ. ಇಲ್ಲಿ ಒಂದು ಗುಂಡಿ ಇದೆ: ಪಿರಿಡಿನ್ ಜಾತಿಯ ಸಾರಜನಕ ಸಂಯುಕ್ತಗಳೂ ಅದೇ ಹಸಿರು ಕೊಡಬಲ್ಲವು. ನಿಕೋಟಿನ್ ಅಣುವಿನಲ್ಲಿ ಪಿರಿಡಿನ್ ಉಂಗುರವೇ ಇದೆ. ಹಾಗಾಗಿ ನಿಕೋಟಿನ್ ಇರೋ ದ್ರವಕ್ಕೆ ಈ ಪರೀಕ್ಷೆ ನಂಬೋ ಹಾಗಿಲ್ಲ. ನಿಕೋಟಿನ್ ಇಲ್ಲದ್ದಕ್ಕೆ ಮಾಡಿದರೂ ಬೆರಳಿನ ಬೆವರಿನ ಉಪ್ಪೇ ಹಸಿರು ತೋರಿಸೀತು, ತಂತಿಯನ್ನು ಇಕ್ಕಳದಲ್ಲಿ ಹಿಡೀಬೇಕು. ಕ್ಲೋರಿನ್ ಇರೋದನ್ನು ತಾಮ್ರದ ಜೊತೆ ಸುಟ್ಟರೆ ಡಯಾಕ್ಸಿನ್ ಅನ್ನೋ ವಿಷ ಚೂರು ಹುಟ್ಟೋ ಸಾಧ್ಯತೆಯೂ ಇದೆ. ಮನೇಲಿ ಬೇಡ ಅಂತಲೇ ನನ್ನ ಮಾತು.

ಮೂರನೇಕಣ್ಣು
ಪಿರಿಡಿನ್ ವಿಷಯ ತಲೆಗೇ ಹೊಳೆದಿರಲಿಲ್ಲ. ಹಿಂದಕ್ಕೆ ತಗೊಂಡೆ.

ಲೆಕ್ಕಾಚಾರಿ
ತಯಾರಕರು ‘ಜಿಸಿ-ಎಂಎಸ್ ವರದಿ ಇದೆ, ಸಿಹಿಕಾರಕ ಕಾಣಲಿಲ್ಲ’ ಅಂತ ತೋರಿಸ್ತಾರಲ್ಲ, ಅದು ನಂಬಬಹುದಾ?

ರಸಾಯನಿ
ಆ ವರದಿಯಲ್ಲಿ ಸುಕ್ರಲೋಸ್ ಕಾಣದೆ ಇರೋದರಲ್ಲಿ ಆಶ್ಚರ್ಯ ಏನಿದೆ? ಜಿಸಿ-ಎಂಎಸ್ ಅಂದ್ರೆ ಮಾದರಿಯನ್ನು ಆವಿ ಮಾಡಿ ಬೇರ್ಪಡಿಸಿ ಗುರುತಿಸೋ ಪರೀಕ್ಷೆ, ಮಾದರಿ ಆವಿಯಾಗಲೇಬೇಕು. ಸುಕ್ರಲೋಸ್ ಆವಿಯಾಗಲ್ಲ. ಸಿಲೈಲೀಕರಣ ಅನ್ನೋ ರಾಸಾಯನಿಕ ಕ್ರಿಯೆ ಮಾಡಿ ಆವಿಯಾಗೋ ರೂಪಕ್ಕೆ ತಂದರೆ ಮಾತ್ರ ಜಿಸಿಯಲ್ಲಿ ಕಾಣುತ್ತೆ. ಕೇಳಬೇಕಾದ ವರದಿ ಎಲ್‌ಸಿ-ಎಂಎಸ್ (ಆವಿ ಮಾಡದೆ ದ್ರವದಲ್ಲೇ ಬೇರ್ಪಡಿಸೋ ಪರೀಕ್ಷೆ), ಅದರಲ್ಲೂ ‘ಪತ್ತೆಯ ಕನಿಷ್ಠ ಮಿತಿ ಎಷ್ಟು’ ಅನ್ನೋ ಸಾಲು. ಆಮೇಲೆ ಪರೀಕ್ಷೆ ದ್ರವದ ಮೇಲೋ ಹಬೆಯ ಮೇಲೋ ಅಂತ ನೋಡಿ. ದ್ರವ ಪರೀಕ್ಷಿಸಿದರೆ ಕ್ಲೋರೋಪ್ರೊಪನಾಲ್ ಸಿಗಲ್ಲ, ಅದು ಹುಟ್ಟೋದೇ ಕಾಯಿಲ್ ಮೇಲೆ.

ಶ್ವಾಸಕೋಶದ_ಪರ
ಈ ಮೇಲಿನ ಪೋಸ್ಟ್ ಒಂದನ್ನೇ ಎತ್ತಿ ಎಲ್ಲರಿಗೂ ಕಳಿಸಬೇಕು.

ಹೊಗೆಮಲ್ಲ
ಇಷ್ಟೆಲ್ಲ ಆದ ಮೇಲೂ ಒಂದು ಮಾತು. ಬೀಡಿ-ಸಿಗರೇಟ್ ಹೊಗೆಯಲ್ಲಿ ಇರೋ ಟಾರ್, ಕಾರ್ಬನ್ ಮಾನಾಕ್ಸೈಡ್ ಮುಂದೆ ಇದು ಏನೂ ಅಲ್ಲ. ಸಿಗರೇಟ್ ಬಿಟ್ಟು ಇದಕ್ಕೆ ಬಂದವರನ್ನು ಹೆದರಿಸಿ ವಾಪಸ್ ಕಳಿಸ್ತೀರಾ?

ಶ್ವಾಸಕೋಶದ_ಪರ
ಈ ಮಾತಿಗೆ ಬೆಲೆ ಇದೆ. ಸುಟ್ಟ ತಂಬಾಕಿನ ಹೊಗೆಗೆ ಹೋಲಿಸಿದರೆ ಹಬೆಯಲ್ಲಿ ವಿಷವಸ್ತುಗಳು ಕಮ್ಮಿ ಅನ್ನೋದರಲ್ಲಿ ನನಗೂ ಜಗಳ ಇಲ್ಲ. ಆದರೆ ಇಲ್ಲಿರೋ ಆಯ್ಕೆ ಸಿಗರೇಟೋ ಸಿಹಿ ವೇಪೋ ಅಂತ ಅಲ್ಲ. ಸಿಹಿ ಹಾಕಿದ್ದೋ ಹಾಕದ್ದೋ ಅಂತ. ನಿಕೋಟಿನ್ ಹೊತ್ತೊಯ್ಯೋಕೆ ಸುಕ್ರಲೋಸ್ ಬೇಕೇ ಇಲ್ಲ. ತೆಗೆದರೆ ಕಳೆದುಕೊಳ್ಳೋದು ರುಚಿ ಒಂದೇ. ಸೇದದವರು, ಅದರಲ್ಲೂ ಹುಡುಗರು ಇದಕ್ಕೆ ಕೈ ಹಾಕೋದಕ್ಕೆ ಆ ಸಿಹಿಯೇ ಕಾರಣಗಳಲ್ಲೊಂದು ಅನ್ನೋದೂ ಇದೆ.

ಹೊಗೆಮಲ್ಲ
ಸರಿ, ಹಾಗೆ ಹೇಳಿದರೆ ಒಪ್ಪಬಹುದು. ಅರ್ಧ.

ಲೆಕ್ಕಾಚಾರಿ
ಕಾನೂನು ಏನನ್ನುತ್ತೆ?

ಮೂರನೇಕಣ್ಣು
ಒಂದೊಂದು ಕಡೆ ಒಂದೊಂದು. ಯುರೋಪ್ ಒಕ್ಕೂಟದ 2014ರ ತಂಬಾಕು ನಿರ್ದೇಶನದಲ್ಲಿ ನಿಕೋಟಿನ್ ಮಿ.ಲೀ.ಗೆ 20 ಮಿ.ಗ್ರಾಂ, ಟ್ಯಾಂಕ್ 2 ಮಿ.ಲೀ., ಬಾಟಲಿ 10 ಮಿ.ಲೀ. ಮಿತಿ. ನಮ್ಮ ವಿಷಯಕ್ಕೆ ಮುಖ್ಯವಾದ ಸಾಲು: ನಿಕೋಟಿನ್ ಬಿಟ್ಟು ಉಳಿದ ಪದಾರ್ಥಗಳು ‘ಕಾಯಿಸಿದಾಗಲೂ ಕಾಯಿಸದಿದ್ದಾಗಲೂ’ ಆರೋಗ್ಯಕ್ಕೆ ಅಪಾಯ ತರಬಾರದು. ಆ ‘ಕಾಯಿಸಿದಾಗ’ ಅನ್ನೋ ಒಂದು ಪದಕ್ಕೆ ಸುಕ್ರಲೋಸ್ ಹೇಗೆ ಪಾಸಾಗುತ್ತೋ ಕಾಣೆ. ಕೆನಡಾ 2021ರಲ್ಲಿ ವೇಪ್‌ನಿಂದ ಸಕ್ಕರೆ, ಸಿಹಿಕಾರಕ ಎಲ್ಲಾ ತೆಗೆಯೋ ಕರಡು ನಿಯಮ ಮುಂದಿಟ್ಟಿತು. ನೆದರ್ಲೆಂಡ್ಸ್‌ನಲ್ಲಿ 2024ರಿಂದ ತಂಬಾಕಿನ ರುಚಿ ಬಿಟ್ಟು ಬೇರೆ ಮಾರೋ ಹಾಗಿಲ್ಲ. ಭಾರತದಲ್ಲಿ 2019ರ ಕಾಯ್ದೆ ಪ್ರಕಾರ ಇ-ಸಿಗರೇಟ್ ಮಾರಾಟವೇ ಅಪರಾಧ.

ರಸಾಯನಿ
ಅಡುಗೆಯ ಬಗ್ಗೆ ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಬಿಎಫ್‌ಆರ್ 2019ರಲ್ಲಿ ಹೇಳಿದ್ದನ್ನೂ ಸೇರಿಸಿ: 120ರಿಂದ 250 ಡಿಗ್ರಿಯ ನಡುವೆ ಸುಕ್ರಲೋಸ್ ಕಾಯಿಸಿದರೆ ಕ್ಲೋರಿನ್‌ಯುಕ್ತ ಹಾನಿಕಾರಕಗಳು ಹುಟ್ಟಬಹುದು, ಬೇಯಿಸಿ ಹುರಿದಾದ ಮೇಲೆ ಸೇರಿಸೋದು ಒಳಿತು ಅಂತ. ಒಲೆಗೇ ಬೇಡ ಅಂದದ್ದು.

ಅರೆಬೆಂದವ
ಸ್ವಂತ ದ್ರವ ಬೆರೆಸೋರು ಏನು ಮಾಡಬೇಕು ಅಂತ ಯಾರಾದ್ರೂ ನೇರವಾಗಿ ಹೇಳಿ.

ಕಾಯಿಲ್_ಮೇಷ್ಟ್ರು
ಹಾಕದೆ ಇರೋದೇ ನೇರ ಉತ್ತರ. ಒಮ್ಮೆಗೇ ಆಗಲ್ಲ ಅನ್ನೋರು ಇಳಿಸುತ್ತಾ ಬನ್ನಿ. ಶೇ. 10ರ ದ್ರಾವಣವನ್ನು ಶೇ. 1 ಹಾಕ್ತಿದ್ದರೆ 0.5, ಆಮೇಲೆ 0.25, ಆಮೇಲೆ ಸೊನ್ನೆ. 100 ಮಿ.ಲೀ.ಗೆ 0.25 ಅಂದ್ರೆ ದ್ರಾವಣ 0.25 ಮಿ.ಲೀ. ಇದನ್ನು ಹನಿ ಎಣಿಸಿ ಹಾಕಬೇಡಿ. ಹನಿಯ ಗಾತ್ರ ಬಾಟಲಿಯಿಂದ ಬಾಟಲಿಗೆ ಬೇರೆ, ಇಂಥ ಸಣ್ಣ ಅಳತೆಯಲ್ಲಿ ಎರಡು ಪಟ್ಟು ವ್ಯತ್ಯಾಸ ಸುಲಭವಾಗಿ ಬರುತ್ತೆ. 0.01 ಗ್ರಾಂ ತೋರಿಸೋ ತಕ್ಕಡಿ ಬಳಸಿ. ಪಿಜಿ ಮಿ.ಲೀ.ಗೆ 1.04 ಗ್ರಾಂ, ವಿಜಿ 1.26 ಗ್ರಾಂ, ಆ ಲೆಕ್ಕದಲ್ಲಿ ತೂಗಿ. ಗಟ್ಟಿ ದ್ರಾವಣ ತಳದಲ್ಲಿ ನಿಂತಿರುತ್ತೆ, ಪ್ರತಿ ಸಲ ಅಲ್ಲಾಡಿಸಿ.

ಅಡುಗೆಯ ಎಸೆನ್ಸ್ ತಂದು ಸುರಿಯಬೇಡಿ. ಎಣ್ಣೆ ಆಧಾರದ ಪರಿಮಳ ಶ್ವಾಸಕೋಶಕ್ಕೆ ಹೋದರೆ ಲಿಪಾಯ್ಡ್ ನ್ಯುಮೋನಿಯಾ (ಎಣ್ಣೆ ಸೇರಿ ಆಗೋ ಶ್ವಾಸಕೋಶದ ಉರಿಯೂತ) ಆಗಬಹುದು. ಮಾತ್ರೆ, ಪುಡಿ ರೂಪದ ಸಿಹಿಕಾರಕಗಳಲ್ಲಿ ಮಾಲ್ಟೋಡೆಕ್ಸ್‌ಟ್ರಿನ್, ಡೆಕ್ಸ್‌ಟ್ರೋಸ್ ತುಂಬಿರುತ್ತಾರೆ. ಅದು ಬರೀ ಸಕ್ಕರೆ-ಪಿಷ್ಟ, ಎರಡು ದಿನಕ್ಕೆ ಕಾಯಿಲ್ ಇದ್ದಲು.

ಅರೆಬೆಂದವ
ಕಾಯಿಲ್ ತೊಳೆದು ಬಳಸಬಹುದಾ?

ಕಾಯಿಲ್_ಮೇಷ್ಟ್ರು
ಕರಕಲಾಗದ ಸುಕ್ರಲೋಸ್ ಬಿಸಿ ನೀರಿಗೆ ಸಲೀಸಾಗಿ ಹೋಗುತ್ತೆ. ಕರಕಲಾದದ್ದು ಹೋಗಲ್ಲ. ಅಂದ್ರೆ ಕಾಯಿಲ್ ಹೊಸದಿರೋವಾಗ ತೊಳೆದರೆ ಅಷ್ಟಿಷ್ಟು ಲಾಭ, ಕಪ್ಪಾದ ಮೇಲೆ ತೊಳೆದರೆ ಹತ್ತಿ ನೀರು ಕುಡಿಯುತ್ತೆ, ಅಷ್ಟೇ. ತಾವೇ ತಂತಿ ಸುತ್ತೋರು ಹತ್ತಿ ತೆಗೆದು, ಕಮ್ಮಿ ವ್ಯಾಟ್‌ನಲ್ಲಿ ಬಿಟ್ಟುಬಿಟ್ಟು ಕಾಯಿಸಿ, ಬ್ರಷ್‌ನಿಂದ ಉಜ್ಜಿ ಹೊಸ ಹತ್ತಿ ಹಾಕಬಹುದು. ಟೈಟಾನಿಯಂ, ನಿಕಲ್ ತಂತಿಯನ್ನು ಮಾತ್ರ ಕೆಂಪಾಗೋವರೆಗೆ ಕಾಯಿಸಬೇಡಿ, ಮೇಲೆ ಆಕ್ಸೈಡ್ ಏಳುತ್ತೆ.

ಪ್ರಶ್ನಾರ್ಥಕ
ಕೊನೇದು. ಸಿಹಿ ಹಾಕಿದ ಬಾಟಲಿಯನ್ನು ಮುಚ್ಚಳ ತೆಗೆದು ಕೆಲವು ದಿನ ಇಟ್ಟರೆ ಸಿಹಿ ಹಾರಿಹೋಗುತ್ತೆ ಅಂತ ಎಲ್ಲೋ ಬರೆದಿದ್ದರು.

ನಾಲಿಗೆರುಚಿ
ಹಾರೋದು ಪರಿಮಳ. ಸುಕ್ರಲೋಸ್ ಅಲ್ಲಾಡದೆ ಅಲ್ಲೇ ಕೂತಿರುತ್ತೆ. ವಾಸನೆ ಹೋಗಿ ಬರೀ ಸಿಹಿ ಉಳಿದ ದ್ರವ ಸಿಗುತ್ತೆ, ಇನ್ನೂ ಕೆಟ್ಟದು.

ಕಾಯಿಲ್_ಮೇಷ್ಟ್ರು
ನಿಕೋಟಿನ್ ಗಾಳಿ-ಬೆಳಕಿಗೆ ಕಂದಾಗುತ್ತೆ ಬೇರೆ. ಬೇಡದ ಬಾಟಲಿಯನ್ನು ಸಿಂಕಿಗೂ ಸುರಿಯಬೇಡಿ. ಮುಚ್ಚಳ ಬಿಗಿಮಾಡಿ, ಮಕ್ಕಳ ಕೈಗೆ ಸಿಗದ ಹಾಗಿಟ್ಟು, ಅಪಾಯಕಾರಿ ಕಸ ಸಂಗ್ರಹಿಸೋರಿಗೆ ಕೊಡಿ. ಸಿಹಿ ವಾಸನೆಯ ದ್ರವವನ್ನು ಚಿಕ್ಕ ಮಗು ಔಷಧಿ ಅಂದುಕೊಂಡು ಕುಡಿದರೆ ಕೆಲವೇ ಮಿ.ಲೀ. ಸಾಕು, ಆಸ್ಪತ್ರೆಗೆ ಓಡಬೇಕಾಗುತ್ತೆ.